ದಂಡಿನ ಬೇಟೆಗಾರರು, ಕೆರೆಯ ಹಕ್ಕಿಗಳು

ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಚಳಿಗಾಲದಲ್ಲಿ ಒಂದು ದೀರ್ಘ ಪತ್ರ ಬರೆದಿದ್ದನು. ಸಹೋದ್ಯೋಗಿಗಳಾದ ನಾಲ್ವರು ಗೆಳೆಯರು ಅವನನ್ನೂ ಜೊತೆಗೂಡಿಸಿಕೊಂಡು ಮೂಸ್ ಬೇಟೆಗೆ ಹೋಗಿದ್ದರಂತೆ. ಮೂಸ್ ಎಂದರೆ ಜಿಂಕೆಯ ಕುಲದಲ್ಲೆಲ್ಲ ಅತ್ಯಂತ ದೊಡ್ಡ ಪ್ರಾಣಿ. ಕುದುರೆಯಷ್ಟು ಎತ್ತರ, ಹಲಗೆಯಂತೆ ಅಗಲವಾದ ಕೊಂಬು. ಸರ್ಕಾರದಿಂದ ಪರವಾನಗಿ ಪಡೆದು, ಗೊತ್ತಾದ ದಿನಗಳಲ್ಲಿ, ಗೊತ್ತಾದ ಕಾಡಿನಲ್ಲಿ ಮಾತ್ರ ಅದನ್ನು ಹೊಡೆಯಬಹುದು. ಇವನು ಕೋವಿ ಹಿಡಿಯಲಿಲ್ಲ. ಚಹಾ ಕಾಯಿಸುವ ಮತ್ತು ಕಟ್ಟಿಗೆ ಒಟ್ಟುವ ಕೆಲಸ ಇವನ ಪಾಲಿಗೆ ಬಂದಿತ್ತು. ಪತ್ರದ ಕೊನೆಯಲ್ಲಿ, "ಮೇಷ್ಟ್ರೇ, ನಮ್ಮ ಬೆಂಗಳೂರಿನಲ್ಲಿಯೂ ಜನ ಹೀಗೆ ಗೆಳೆಯರ ಗುಂಪು ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದರೇ?" ಎಂದು ಕೇಳಿದ್ದನು. ಒಂದು ಸಾಲಿನ ಉತ್ತರ ಸಾಲದೆಂದು ತೋರಿದ್ದರಿಂದ ಈ ಲೇಖನ.

ಹೋಗುತ್ತಿದ್ದರು. ಅಷ್ಟೇ ಅಲ್ಲ, ನಮ್ಮ ಊರಿನ ಹುಟ್ಟಿನ ಕತೆಗಳೆಲ್ಲ ಬೇಟೆಯಿಂದಲೇ ಆರಂಭವಾಗುತ್ತವೆ. ಹೊಯ್ಸಳ ವೀರಬಲ್ಲಾಳನು ಬೇಟೆಗೆ ಬಂದು, ಜೊತೆಯವರಿಂದ ಅಗಲಿ, ದಾರಿತಪ್ಪಿ ಅಜ್ಜಿಯೊಬ್ಬಳ ಗುಡಿಸಿಲಿನಲ್ಲಿ ಬೆಂದ ಕಾಳು ತಿಂದದ್ದರಿಂದ ಬೆಂದಕಾಳೂರು ಎಂಬ ಹೆಸರು ಬಂದಿತೆಂಬ ಕತೆಯನ್ನು ನೀವೆಲ್ಲ ಬಲ್ಲಿರಿ. ಬೇಟೆಗೆ ಹೋದ ಕೆಂಪೇಗೌಡನ ಕಣ್ಣೆದುರಿಗೆ ಮೊಲವೊಂದು ನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತಂತೆ. ಇದು ಗಂಡುಭೂಮಿಯೆಂದು ತಿಳಿದು ಅವನು ಅಲ್ಲಿ ಪೇಟೆ ಕಟ್ಟಿದನಂತೆ. ನಮ್ಮ ಹಲಸೂರಿನ ಸೋಮೇಶ್ವರ ದೇವಾಲಯದ ಕತೆಯೂ ಇಂಥದೇ. ಯಲಹಂಕದಿಂದ ಬೇಟೆಯಾಡುತ್ತ ಬಹುದೂರ ಬಂದ ಕೆಂಪೇಗೌಡನು ದಣಿದು ಮರದಡಿ ನಿದ್ರಿಸಿದಾಗ ಸೋಮೇಶ್ವರನು ಕನಸಿನಲ್ಲಿ ಕಾಣಿಸಿಕೊಂಡು, ಹೂತಿದ್ದ ನಿಧಿಯನ್ನು ತೋರಿಸಿ ಗುಡಿ ಕಟ್ಟಲು ಹೇಳಿದನೆಂಬ ಐತಿಹ್ಯವನ್ನು ರೈಸ್ ಸಾಹೇಬರು ತಮ್ಮ ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದಾರೆ. ಇವು ಐತಿಹ್ಯಗಳೇ ಹೊರತು ಚರಿತ್ರೆಯಲ್ಲ. ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿಯೇ ಬೆಂಗಳೂರು ಎಂಬ ಹೆಸರಿದೆ. ವೀರಬಲ್ಲಾಳನು ಅದಕ್ಕಿಂತ ಸುಮಾರು ಮುನ್ನೂರು ವರ್ಷ ಈಚಿನವನು. ಆದರೂ ಈ ಕತೆಗಳು ಒಂದು ನಿಜವನ್ನು ಉಳಿಸಿಕೊಂಡಿವೆ. ಈ ನೆಲ ಕೆರೆ, ಕುರುಚಲು ಕಾಡು ಮತ್ತು ಹೊಲಗಳ ನೆಲವಾಗಿತ್ತು. ಮನುಷ್ಯನೂ ಮೃಗವೂ ಇಲ್ಲಿ ಒಂದೇ ನೀರು ಕುಡಿಯುತ್ತಿದ್ದವು.

ಇನ್ನು ದಂಡಿನ ವಿಷಯ. ಕಂಟೋನ್ಮೆಂಟನ್ನು ನಮ್ಮ ಹಿರಿಯರು ದಂಡು ಎಂದೇ ಕರೆಯುತ್ತಿದ್ದರು. ರೈಲ್ವೆ ನಿಲ್ದಾಣಕ್ಕೂ ಅದೇ ಹೆಸರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯ ಜ್ವರದಿಂದ ನರಳಿತು. ತಂಪಾದ, ಎತ್ತರದ ಜಾಗವೆಂದು 1809ರಲ್ಲಿ ಹಲಸೂರಿನ ಬಳಿ ಪಾಳೆಯವನ್ನು ಸ್ಥಾಪಿಸಿದರು. 1881ರಲ್ಲಿ ರಾಜ್ಯವನ್ನು ಮೈಸೂರು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡು, 1947ರವರೆಗೆ ಪ್ರತ್ಯೇಕವಾಗಿ ಆಳಿದರು. ಹೀಗೆ ಒಂದೇ ಊರಿನಲ್ಲಿ ಎರಡು ಊರುಗಳಾದವು: ಪೇಟೆ ಒಂದು, ದಂಡು ಇನ್ನೊಂದು.

ದಂಡಿನ ಅಧಿಕಾರಿಗೆ ಬಿಡುವು ಹೇರಳವಾಗಿತ್ತು. 1896ರಲ್ಲಿ ಇಲ್ಲಿಗೆ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ಲರ ದಿನಚರಿಯೇ ಇದಕ್ಕೆ ಸಾಕ್ಷಿ. ಬೆಳಗಿನ ಕವಾಯತು ಮುಗಿದರೆ ಸಂಜೆಯ ಪೋಲೋ ಆಟದವರೆಗೆ ಸಮಯವೆಲ್ಲ ಅವರದೇ. ಅವರು ಆ ಹೊತ್ತನ್ನು ಪುಸ್ತಕ, ಗುಲಾಬಿ ಮತ್ತು ಚಿಟ್ಟೆಗಳಿಗೆ ಕೊಟ್ಟರು. ಉಳಿದ ಅನೇಕರು ಕೋವಿಗೆ ಕೊಟ್ಟರು. ದೊಡ್ಡ ಬೇಟೆಗೆ ಮೈಸೂರು ಸೀಮೆಯ ಕಾಡುಗಳಿದ್ದವು. ಖೆಡ್ಡಾ ಖ್ಯಾತಿಯ ಸ್ಯಾಂಡರ್‌ಸನ್ 1878ರಲ್ಲಿಯೂ, ಅರಣ್ಯ ಇಲಾಖೆಯ ರಸೆಲ್ 1900ರಲ್ಲಿಯೂ ಪ್ರಕಟಿಸಿದ ಪುಸ್ತಕಗಳು ಆ ಕಾಡುಗಳನ್ನು ಇಂಗ್ಲೆಂಡಿನ ಓದುಗರಿಗೂ ಪರಿಚಯ ಮಾಡಿಕೊಟ್ಟಿದ್ದವು. ಆದರೆ ಹುಲಿ, ಕಾಟಿಗಳಿಗಾಗಿ ವಾರಗಟ್ಟಲೆ ರಜೆ ಬೇಕು. ಭಾನುವಾರದ ಒಂದೇ ರಜೆಯಿದ್ದವನು ಏನು ಮಾಡಬೇಕು? ಅವನಿಗೆ ಪೂರ್ವ ದಿಕ್ಕಿನ ಕೆರೆಗಳಿದ್ದವು.

ಈ ಕೆರೆಗಳ ಜೋಡಣೆಯನ್ನು ಸ್ವಲ್ಪ ವಿವರಿಸಬೇಕು. ಇಂದಿರಾನಗರದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ ಇದು ತಿಳಿದಿರುವುದಿಲ್ಲ. ಹಲಸೂರು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಚಲ್ಲಘಟ್ಟದ ಕಣಿವೆಯಲ್ಲಿ ಇಳಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಉತ್ತರದಲ್ಲಿ ಇನ್ನೊಂದು ಸರಪಳಿ: ಹೆಬ್ಬಾಳ, ನಾಗವಾರ, ರಾಂಪುರ, ಆಮೇಲೆ ಕೃಷ್ಣರಾಜಪುರ ದಾಟಿ ಹಳೆಯ ಮದರಾಸು ರಸ್ತೆಯ ಪಕ್ಕದಲ್ಲಿರುವ ಎಲೆ ಮಲ್ಲಪ್ಪಶೆಟ್ಟಿ ಕೆರೆ. ಪ್ರತಿಯೊಂದು ಕೆರೆಗೂ ಏರಿ, ತೂಬು, ಕೋಡಿ. ತೂಬಿನ ಕೆಳಗೆ ಅಚ್ಚುಕಟ್ಟು. ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆ. ಯಾರ ಗದ್ದೆಗೆ ಯಾವಾಗ, ಎಷ್ಟು ನೀರು ಎಂಬುದನ್ನು ನೋಡಿಕೊಳ್ಳಲು ಊರಿನ ನೀರುಗಂಟಿ ಇರುತ್ತಿದ್ದನು.

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ, ಕಟಾವಿಗೆ ಮುಂಚೆ ಮತ್ತು ಕಟಾವಾದ ಮೇಲೆ, ಈ ಗದ್ದೆಗಳ ಕೆಸರಿಗೆ ಉತ್ತರದ ದೂರ ದೇಶಗಳಿಂದ ಉಲ್ಲಂಕಿ ಹಕ್ಕಿಗಳು ಬಂದಿಳಿಯುತ್ತಿದ್ದವು. ಬ್ರಿಟಿಷರು ಇವನ್ನು ಸ್ನೈಪ್ ಎನ್ನುತ್ತಿದ್ದರು. ಪಾರಿವಾಳಕ್ಕಿಂತ ಚಿಕ್ಕ ದೇಹ, ದೇಹಕ್ಕೆ ಹೊಂದದಷ್ಟು ಉದ್ದನೆಯ ನೇರ ಕೊಕ್ಕು. ಆ ಕೊಕ್ಕನ್ನು ಕೆಸರಿನಲ್ಲಿ ಊರಿ ಹುಳು ಹಿಡಿಯುತ್ತದೆ. ಒಣಹುಲ್ಲಿನ ಬಣ್ಣದ ಪಟ್ಟೆಗಳಿರುವುದರಿಂದ ಕಾಲ ಬುಡದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಕೊನೆಯ ಕ್ಷಣದವರೆಗೆ ಅಲುಗದೆ ಕುಳಿತು, ಇದ್ದಕ್ಕಿದ್ದಂತೆ ಕಿರುಚಿ ಮೇಲೆದ್ದು, ಹಾವಿನ ನಡೆಯಂತೆ ಅಂಕುಡೊಂಕಾಗಿ ಹಾರುತ್ತದೆ. ಅದನ್ನು ಹೊಡೆಯಲು ಅಸಾಧಾರಣ ಗುರಿ ಬೇಕು. ಅಡಗಿ ಕುಳಿತು ಗುರಿಯಿಟ್ಟು ಹೊಡೆಯುವ ಸೈನಿಕನಿಗೆ ಇಂಗ್ಲಿಷಿನಲ್ಲಿರುವ 'ಸ್ನೈಪರ್' ಎಂಬ ಹೆಸರು ಈ ಹಕ್ಕಿಯಿಂದಲೇ ಬಂದದ್ದು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಬಳಕೆಯಲ್ಲಿ ಆ ಮಾತು ಹುಟ್ಟಿತೆಂದು ಹೇಳುತ್ತಾರೆ.

ದಂಡಿಗೆ 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದಿತು. ಅಲ್ಲಿಂದಾಚೆಗೆ ಪೂರ್ವದ ಹಳ್ಳಿಗಳು ಇನ್ನೂ ಹತ್ತಿರವಾದವು. ಶನಿವಾರ ಸಂಜೆ ಕೋವಿ, ತೋಟಾ, ಬುತ್ತಿ ಕಟ್ಟಿಕೊಂಡು ಹೊರಟರೆ ಸೋಮವಾರದ ಕವಾಯತಿಗೆ ಹಿಂದಿರುಗಬಹುದಾಗಿತ್ತು. ಬ್ರಿಟಿಷರು ಹೋದ ಮೇಲೆಯೂ ಈ ರೂಢಿ ನಿಲ್ಲಲಿಲ್ಲ. ಕೋವಿ ಕೈ ಬದಲಾಯಿಸಿತು, ಅಷ್ಟೆ.

ನಾನು ಬಾಲಕನಾಗಿದ್ದಾಗ ಹಲಸೂರಿನ ನಮ್ಮ ಬೀದಿಯಲ್ಲಿ ಅಂಥದೊಂದು ಗೆಳೆಯರ ಗುಂಪಿತ್ತು. ಎದುರುಮನೆಯವರು ಎಚ್‌ಎಎಲ್ ಕಾರ್ಖಾನೆಯಲ್ಲಿ ಫೋರ್‌ಮನ್. ಅವರನ್ನು ನಾವು ಮಾಮ ಎಂದು ಕರೆಯುತ್ತಿದ್ದೆವು. ಶಿವಾಜಿನಗರದ ಚರ್ಮದ ವ್ಯಾಪಾರಿ ಸಾಹೇಬರೊಬ್ಬರು, ರೈಲ್ವೆಯಲ್ಲಿದ್ದ ಆಂಗ್ಲೋ ಇಂಡಿಯನ್ ಒಬ್ಬರು, ಕಟ್ಟಡದ ಕಂತ್ರಾಟು ಹಿಡಿಯುತ್ತಿದ್ದ ಮೊದಲಿಯಾರ್ ಒಬ್ಬರು. ತಮಿಳು, ಉರ್ದು, ಇಂಗ್ಲಿಷು, ಕನ್ನಡಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಿ ಮಾತನಾಡುವ ದಂಡಿನ ಭಾಷೆ ಅವರದು. ನಾಲ್ವರಿಗೂ ಸೇರಿ ಒಂದು ಹಳೆಯ ಕಾರು, ಎರಡು ಜೋಡುನಳಿಗೆಯ ಕೋವಿ. 1961ರ ಡಿಸೆಂಬರ್ ರಜೆಯಲ್ಲಿ ಒಮ್ಮೆ ನಮ್ಮ ತಂದೆಯವರ ಅಪ್ಪಣೆ ಪಡೆದು ಮಾಮ ನನ್ನನ್ನೂ ಕರೆದೊಯ್ದರು. ನಮ್ಮದು ಮಾಂಸ ತಿನ್ನದ ಮನೆ. ಅಮ್ಮ ಹುಳಿಯನ್ನದ ಡಬ್ಬಿ ಕೊಟ್ಟು, "ನೋಡು, ಮುಟ್ಟಬೇಡ" ಎಂದಷ್ಟೇ ಹೇಳಿ ಕಳುಹಿಸಿದರು.

ಕೃಷ್ಣರಾಜಪುರ ದಾಟುವಾಗ ಇನ್ನೂ ಕತ್ತಲೆ. ಎಲೆ ಮಲ್ಲಪ್ಪಶೆಟ್ಟಿ ಕೆರೆಯ ಏರಿಯ ಮೇಲೆ ಕಾರು ನಿಂತಾಗ ಮಂಜು ನೀರಿನ ಮೇಲೆ ಹಾಸಿಕೊಂಡಿತ್ತು. ಕೂಡಲೇ ಬೇಟೆ ಆರಂಭವಾಗುವುದೆಂದು ನಾನು ತಿಳಿದಿದ್ದೆ, ಆಗಲಿಲ್ಲ. ಬಿಸಿಲೇರಿದ ಮೇಲೆ ಉಲ್ಲಂಕಿ ಬಿಗಿಯಾಗಿ ಕುಳಿತುಕೊಳ್ಳುತ್ತದೆ, ಹತ್ತಿರ ಹೋಗಗೊಡುತ್ತದೆ. ಅದಕ್ಕಾಗಿ ಕಾಯಬೇಕು ಎಂದು ಮಾಮ ವಿವರಿಸಿದರು. ಅಷ್ಟರಲ್ಲಿ ಹಳ್ಳಿಯಿಂದ ಒಬ್ಬ ಹಿರಿಯನು ಇಬ್ಬರು ಹುಡುಗರೊಡನೆ ಬಂದನು. ಮೊಣಕಾಲಿನವರೆಗೆ ಪಂಚೆ ಎತ್ತಿ ಕಟ್ಟಿದ್ದನು. ಆತನು ಆ ಊರಿನ ನೀರುಗಂಟಿ. ಯಾವ ಗದ್ದೆಗೆ ಎಂದು ನೀರು ಬಿಟ್ಟದ್ದು, ಯಾವುದು ಆರಿ ಹದವಾದ ಕೆಸರಾಗಿದೆ ಎಂಬುದನ್ನು ಬೆರಳೆಣಿಕೆಯಲ್ಲಿ ಹೇಳಿದನು. ಹಕ್ಕಿ ಎಲ್ಲಿದೆಯೆಂದು ಅವನು ಹುಡುಕಿ ನೋಡಿರಲಿಲ್ಲ. ನೀರು ಎಲ್ಲಿದೆಯೆಂದು ಬಲ್ಲವನಾದ್ದರಿಂದ ಹಕ್ಕಿಯನ್ನೂ ಬಲ್ಲವನಾಗಿದ್ದನು.

ಹುಡುಗರಿಬ್ಬರು ಉದ್ದನೆಯ ಹಗ್ಗವೊಂದರ ಎರಡು ತುದಿ ಹಿಡಿದು ಗದ್ದೆಯ ಎರಡು ಬದುಗಳ ಮೇಲೆ ನಡೆದರು. ಹಗ್ಗ ಕೂಳೆಯ ಮೇಲೆ ಸವರಿಕೊಂಡು ಸಾಗಿದಂತೆ ಒಂದೊಂದೇ ಹಕ್ಕಿ ಚಿಮ್ಮಿ ಏಳುತ್ತಿತ್ತು. ಹಿಂದಿನಿಂದ ಬರುತ್ತಿದ್ದ ಕೋವಿಗಳು ಗುಡುಗುತ್ತಿದ್ದವು. ಬಹುಪಾಲು ಈಡು ಗಾಳಿಗೆ ಹೋಯಿತೆಂಬುದು ನನಗೆ ಚೆನ್ನಾಗಿ ನೆನಪಿದೆ. ಬಿದ್ದ ಹಕ್ಕಿಯನ್ನು ಕೆಸರಿನಿಂದ ಹೆಕ್ಕಿ ತರುವ ಕೆಲಸವೂ ಆ ಹುಡುಗರದೇ. ಒಬ್ಬನಿಗೆ ನನ್ನದೇ ವಯಸ್ಸು. ಅವನು ತಂದ ಹಕ್ಕಿಗೆ ಇನ್ನೂ ಜೀವವಿತ್ತು. ಅದರ ಕಣ್ಣು ತಲೆಯ ಬಹಳ ಹಿಂದಕ್ಕೆ ಇತ್ತು. ಕೊಕ್ಕು ಕೆಸರಿನಲ್ಲಿರುವಾಗಲೂ ಹಿಂದಿನಿಂದ ಬರುವ ಶತ್ರುವನ್ನು ಕಾಣಲೆಂದು ಹಾಗಿದೆಯೆಂದು ಮುಂದೆ ಪುಸ್ತಕ ಓದಿ ತಿಳಿದೆ. ಹುಡುಗನು ಅದರ ಕತ್ತನ್ನು ತಟ್ಟನೆ ತಿರುಚಿ ಚೀಲಕ್ಕೆ ಹಾಕಿದನು. ಮಧ್ಯಾಹ್ನ ಗೆಳೆಯರು ಕೆರೆಯೇರಿಯ ಮರದಡಿ ಕುಳಿತು, ಯಾರ ಈಡಿಗೆ ಯಾವ ಹಕ್ಕಿ ಬಿತ್ತೆಂದು ಬಹಳ ಹೊತ್ತು ಸಂತೋಷವಾಗಿ ಜಗಳವಾಡಿದರು. ನೀರುಗಂಟಿಗೂ ಹುಡುಗರಿಗೂ ಒಂದಿಷ್ಟು ಹಣ, ಎರಡು ಹಕ್ಕಿ ಸಂದವು. ಅವರ ಹೆಸರನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಈ ಹೆಸರಿನ ಮಾತನ್ನು ನಾನು ತರಗತಿಯಲ್ಲಿಯೂ ಹೇಳುತ್ತಿದ್ದೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಾಸನವನ್ನು ನನ್ನೊಡನೆ ನೋಡಿದವರು ನಿಮ್ಮಲ್ಲಿ ಹಲವರಿದ್ದೀರಿ. ಅದು ಮದ್ದೂರು ಸೀಮೆಯಿಂದ ತಂದದ್ದು, ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ, ಬೇಕಾದುದನ್ನು ಬೇಡೆಂದು ಅರಸನು ಹೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟರು. ಸಾವಿರ ವರ್ಷಗಳ ಹಿಂದೆ ಬೇಟೆಯಲ್ಲಿ ಮಡಿದ ನಾಯಿಯ ಹೆಸರು ಕಲ್ಲಿನಲ್ಲಿ ಉಳಿಯಿತು. ದಂಡಿನ ಬಂಗಲೆಗಳ ಗೋಡೆಗಳ ಮೇಲೆ ಕಡವೆಯ ಕೊಂಬು, ಹುಲಿಯ ಮುಖ ತೂಗಿದವು. ಕೆಳಗಿನ ಹಿತ್ತಾಳೆಯ ಫಲಕದಲ್ಲಿ ಹೊಡೆದವನ ಹೆಸರು, ತಾರೀಖು. ಪೊದೆ ಬಡಿದು ಸೋವಿದವರ, ಹೆಜ್ಜೆ ಹಿಡಿದವರ, ಮರಕ್ಕೆ ಮಚಾನು ಕಟ್ಟಿದವರ ಹೆಸರಿಗೆ ಅದರಲ್ಲಿ ಎಡೆಯಿರಲಿಲ್ಲ.

ಇದಕ್ಕೆ ಒಂದು ಅಪವಾದವನ್ನು ಹೇಳಲೇಬೇಕು. ಅದೇ ರಸ್ತೆಗೆ ಹಿಂದೆ ಸಿಡ್ನಿ ರಸ್ತೆಯೆಂಬ ಹೆಸರಿತ್ತು. ಅಲ್ಲಿ ಕೆನೆತ್ ಆಂಡರ್ಸನ್ ವಾಸವಾಗಿದ್ದರು. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಆಂಡರ್ಸನ್ ನಮ್ಮ ದಂಡಿನಲ್ಲಿಯೇ ಓದಿ, ಹಲವು ವರ್ಷ ಅಂಚೆ ತಂತಿ ಇಲಾಖೆಯಲ್ಲಿ, ಆಮೇಲೆ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರು. ರಜೆ ಸಿಕ್ಕಾಗ ಹಳೆಯ ಸ್ಟುಡಿಬೇಕರ್ ಕಾರಿನಲ್ಲಿ ಹೊಸೂರು ದಾಟಿ ಡೆಂಕಣಿಕೋಟೆ, ಜವಳಗಿರಿ, ಅಂಚೆಟ್ಟಿಗಳ ಕಾಡಿಗೆ ಹೋಗುತ್ತಿದ್ದರು. 1954ರಲ್ಲಿ ಬಂದ ಮೊದಲ ಪುಸ್ತಕದಿಂದ ಜಗತ್ತಿನಾದ್ಯಂತ ಹೆಸರಾದರು. ನಮಗೆ ಅವರನ್ನು ಮನೆಯವರನ್ನಾಗಿ ಮಾಡಿದವರು ಪೂರ್ಣಚಂದ್ರ ತೇಜಸ್ವಿಯವರು. 'ಕಾಡಿನ ಕತೆಗಳು' ಮಾಲೆಯ ಪುಸ್ತಕಗಳು ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಹಾಳೆ ಸವೆಯುವಷ್ಟು ಓದಿಸಿಕೊಂಡವು. ಆ ಮಾಲೆಯ 'ಬೆಳ್ಳಂದೂರಿನ ನರಭಕ್ಷಕ'ವನ್ನು ಹಿಡಿದು ಬಂದು, "ಸಾರ್, ನಮ್ಮ ಮಾರತಹಳ್ಳಿ ಹತ್ತಿರವೂ ನರಭಕ್ಷಕ ಹುಲಿ ಇತ್ತೇ?" ಎಂದು ಕೇಳಿದ ಹುಡುಗಿ ಈಗ ತಾಯಿಯಾಗಿರಬೇಕು. ಅದು ಮಲೆನಾಡಿನ ಬೇರೊಂದು ಬೆಳ್ಳಂದೂರೆಂದು ತಿಳಿದಾಗ ಅವಳಿಗೆ ಆದ ನಿರಾಶೆ ಅಷ್ಟಿಷ್ಟಲ್ಲ.

ಆಂಡರ್ಸನ್ನರ ಪುಸ್ತಕಗಳಲ್ಲಿ ನಾನು ಮೆಚ್ಚುವುದು ಹುಲಿಯನ್ನಲ್ಲ, ಬೈರನನ್ನು. ಪೂಜಾರಿ ಬುಡಕಟ್ಟಿನ ಬೈರ, ಶಿಕಾರಿ ರಂಗ ಇವರ ಹೆಸರು, ಸ್ವಭಾವ, ಮಾತು, ಬಡತನ ಎಲ್ಲವೂ ಅಲ್ಲಿವೆ. ಒಣಗಿದ ಎಲೆಯ ಮೇಲಿನ ಗುರುತಿನಿಂದ ಪ್ರಾಣಿಯ ದಾರಿಯನ್ನು ಓದುವ ವಿದ್ಯೆಯನ್ನು ತಾವು ಯಾರಿಂದ ಕಲಿತರೆಂಬುದನ್ನು ಅವರು ಮುಚ್ಚಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಕೋವಿಗಿಂತ ಕ್ಯಾಮೆರಾವೇ ಅವರ ಕೈಯಲ್ಲಿ ಹೆಚ್ಚಾಗಿ ಇರುತ್ತಿತ್ತು. ಕಾಡು ಬರಿದಾಗುತ್ತಿದೆ ಎಂಬ ಅಳಲು ಅವರ ಬರಹದಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ.

ಆ ಅಳಲು ಸುಳ್ಳಾಗಿರಲಿಲ್ಲ. ಮೈಸೂರಿನ ವಾನ್ ಇಂಗೆನ್ ಕುಟುಂಬದ ಪ್ರಾಣಿಚರ್ಮ ಹದಮಾಡುವ ಕಾರ್ಖಾನೆ 20ನೆಯ ಶತಮಾನದ ಆರಂಭದಿಂದ ಅದರ ಕೊನೆಯವರೆಗೆ ನಡೆಯಿತು. ಹುಲಿ ಚಿರತೆಗಳೆರಡೂ ಸೇರಿ ಅಲ್ಲಿ ಹದಗೊಂಡವುಗಳ ಲೆಕ್ಕ ಹತ್ತಾರು ಸಾವಿರ. ಕಾನೂನು ಇರಲಿಲ್ಲವೆಂದಲ್ಲ. ಮೈಸೂರು ಸರ್ಕಾರ 1901ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನಿನ ಸಂರಕ್ಷಣೆಗೆ ರೆಗ್ಯುಲೇಷನ್ ತಂದಿತ್ತು. 1963ರಲ್ಲಿ ಇನ್ನೊಂದು ಕಾಯಿದೆ ಬಂದಿತು. ಆದರೆ ಅವೆಲ್ಲ ಬೇಟೆಗೆ ಕಟ್ಟಳೆ ಹಾಕಿದವು, ಬೇಟೆಯನ್ನು ನಿಲ್ಲಿಸಲಿಲ್ಲ. 1970ರಲ್ಲಿ ದೇಶದಾದ್ಯಂತ ಹುಲಿಬೇಟೆ ನಿಷೇಧವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮರುವರ್ಷ ಹುಲಿ ಯೋಜನೆ ಆರಂಭವಾಗಿ ನಮ್ಮ ಬಂಡೀಪುರವೂ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. 1972ರ ಕಾಯಿದೆಯಲ್ಲಿ ಕೆಲವು ಸಣ್ಣ ಪ್ರಾಣಿಪಕ್ಷಿಗಳ ಬೇಟೆಗೆ ಪರವಾನಗಿಯ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಈ ಕಾಯಿದೆ ಇಲ್ಲದಿದ್ದರೆ ಇಂದು ಬಂಡೀಪುರದಲ್ಲಿ ಹುಲಿ ಇರುತ್ತಿರಲಿಲ್ಲ. ಇದರಲ್ಲಿ ನನಗೆ ಸಂಶಯವೇ ಇಲ್ಲ.

ಆದರೆ ಒಂದೇ ಕಾಯಿದೆ ಎಲ್ಲರ ಬಾಳಿನಲ್ಲಿ ಒಂದೇ ಬಗೆಯಾಗಿ ಇಳಿಯುವುದಿಲ್ಲ. ನಮ್ಮ ಬೀದಿಯ ಮಾಮ ಕೋವಿಯನ್ನು ಎಣ್ಣೆ ಒರೆಸಿ ಬೀರುವಿನಲ್ಲಿಟ್ಟರು; ಭಾನುವಾರ ಸಿನಿಮಾಕ್ಕೆ ಹೋಗತೊಡಗಿದರು. ಅವರು ಕಳೆದುಕೊಂಡದ್ದು ಒಂದು ಹವ್ಯಾಸ. ಹಕ್ಕಿಪಿಕ್ಕಿಯವರ ಗತಿಯೇ ಬೇರೆ. ಬಲೆ, ಉರುಲುಗಳಿಂದ ಹಕ್ಕಿ ಹಿಡಿಯುವುದು ಅವರ ಕುಲವೃತ್ತಿ. ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ ಗೌಜಲಕ್ಕಿಯ ಪಂಜರಗಳನ್ನು ನಾನೂ ಚಿಕ್ಕವನಿದ್ದಾಗ ಕಂಡಿದ್ದೇನೆ. ಅವರು ಕಳೆದುಕೊಂಡದ್ದು ಅನ್ನವನ್ನು. ಸರ್ಕಾರ ಬನ್ನೇರುಘಟ್ಟದ ಬಳಿ ಕೆಲವು ಕುಟುಂಬಗಳಿಗೆ ನೆಲೆ ಕಲ್ಪಿಸಿತು. ಹಲವರು ಪ್ಲಾಸ್ಟಿಕ್ ಹೂ, ಗಿಡಮೂಲಿಕೆ, ಕೂದಲೆಣ್ಣೆಗಳ ವ್ಯಾಪಾರಕ್ಕೆ ಇಳಿದು ದೇಶಾಂತರ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕದನ ಹೊತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಲುಕಿದರೆಂದು ಪತ್ರಿಕೆಗಳಲ್ಲಿ ಓದಿದಾಗ ಹಲವರು ಅಚ್ಚರಿಪಟ್ಟರು. ಅವರು ಅಷ್ಟು ದೂರ ಏಕೆ ಹೋದರೆಂಬುದರ ಉತ್ತರದ ಒಂದು ಎಳೆ ನಮ್ಮ ಕೆರೆಯಂಗಳದಲ್ಲಿಯೂ ಇದೆ.

ಇನ್ನು ಹಕ್ಕಿಗಳ ಮಾತು. ನಾನು ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು. ಕೋವಿ ನಿಂತಿತು, ಹಾಗಾದರೆ ಗದ್ದೆಯ ಉಲ್ಲಂಕಿ ಹೆಚ್ಚಬೇಕಾಗಿತ್ತು. ಹೆಚ್ಚಲಿಲ್ಲ. ಕೋವಿ ಇದ್ದಷ್ಟು ಕಾಲವೂ ವರ್ಷವರ್ಷ ಬರುತ್ತಿದ್ದ ಹಕ್ಕಿ, ಕೋವಿ ನಿಂತ ಮೇಲೆ ಆ ಗದ್ದೆಗಳಿಂದ ಮರೆಯಾಯಿತು. ಕಾರಣ ಸರಳ: ಗದ್ದೆಯೇ ಮರೆಯಾಯಿತು.

ಇದು ಒಂದೇ ದಿನ ಆದದ್ದಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಕೃಷ್ಣರಾಜಪುರದ ಬಳಿ ಐಟಿಐ, 1956ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್. ಇವು ನಮ್ಮ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಈ ಕಾರ್ಖಾನೆಗಳ ನೌಕರರ ಮಕ್ಕಳು. ಆಮೇಲೆ ಇಂದಿರಾನಗರದಂಥ ಬಡಾವಣೆಗಳು, 1990ರ ದಶಕದಿಂದ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಟ್ಟಡಗಳು. ಚಲ್ಲಘಟ್ಟದ ಕೆರೆಯಂಗಳ ಗಾಲ್ಫ್ ಮೈದಾನವಾಯಿತು. ಅಚ್ಚುಕಟ್ಟುಗಳು ನಿವೇಶನಗಳಾದವು. ತೂಬು ತೆರೆದು ನೀರು ಬಿಡಲು ಗದ್ದೆಯಿಲ್ಲವೆಂದ ಮೇಲೆ ನೀರುಗಂಟಿಗೆ ಕೆಲಸವಿಲ್ಲ. ನೀರುಗಂಟಿ ಇಲ್ಲವೆಂದ ಮೇಲೆ ಕಾಲುವೆ ಕಟ್ಟಿಕೊಂಡರೂ ಕೇಳುವವರಿಲ್ಲ. ಮಳೆಯ ನೀರು ಹರಿಯುತ್ತಿದ್ದ ದಾರಿಯಲ್ಲಿಯೇ ಮನೆ ಮನೆಯ ಕೊಳಚೆ ಹರಿಯಿತು.

ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ 2015ರಲ್ಲಿ ನೊರೆಯುಕ್ಕಿ ಹೊತ್ತಿಕೊಂಡಿತು. 2017ರಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಬಿದ್ದ ಬೆಂಕಿಯನ್ನು ಆರಿಸಲು ಸೈನಿಕರೇ ಬಂದು ಗಂಟೆಗಟ್ಟಲೆ ದುಡಿಯಬೇಕಾಯಿತು. ದಂಡಿನ ಸೈನಿಕರು ಹಕ್ಕಿ ಹೊಡೆಯಲು ಹೋಗುತ್ತಿದ್ದ ಕೆರೆಗಳ ಸಾಲಿಗೆ, ಅದೇ ಊರಿನ ಸೈನಿಕರು ನೀರಿಗೆ ಬಿದ್ದ ಬೆಂಕಿ ನಂದಿಸಲು ಹೋದರು. ಚರಿತ್ರೆ ಪಾಠ ಮಾಡಿದ ನನ್ನಂಥವನಿಗೆ ಇದಕ್ಕಿಂತ ಕಠೋರವಾದ ಪಾಠ ಇನ್ನಾವುದೂ ತೋರುವುದಿಲ್ಲ. ಹಲಸೂರು ಕೆರೆಯಲ್ಲಿಯೂ 2016ರಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಇದಾವುದಕ್ಕೂ ತೋಟಾ ಬೇಕಾಗಲಿಲ್ಲ. ಇದನ್ನು ಯಾರೂ ಬೇಟೆಯೆಂದು ಕರೆಯಲಿಲ್ಲ.

ದೊಡ್ಡ ಪ್ರಾಣಿಯ ಮಾತೂ ಹೀಗೆಯೇ. 2016ರ ಫೆಬ್ರವರಿಯ ಒಂದು ಭಾನುವಾರ ಕುಂದಲಹಳ್ಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದ್ದನ್ನು ನೀವೆಲ್ಲ ದೂರದರ್ಶನದಲ್ಲಿ ನೋಡಿದ್ದೀರಿ. ಅದನ್ನು ಹಿಡಿಯುವ ಪ್ರಯತ್ನದಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರು ತೀವ್ರವಾಗಿ ಗಾಯಗೊಂಡರು. ಕೊನೆಗೆ ಅರಿವಳಿಕೆ ಕೊಟ್ಟು ಅದನ್ನು ಬನ್ನೇರುಘಟ್ಟಕ್ಕೆ ಸಾಗಿಸಿದರು. ಆಂಡರ್ಸನ್ನರ ಕಾಲದಲ್ಲಿ ಚಿರತೆ ಜಾಲಹಳ್ಳಿಯ ಬಳಿಗೆ ಬಂದರೆ ಕೋವಿಯವರನ್ನು ಕರೆಯುತ್ತಿದ್ದರು. ಇಂದು ಕೊಲ್ಲದೆ ಹಿಡಿಯಲು ಜನ ತಮ್ಮ ಪ್ರಾಣವನ್ನೇ ಒಡ್ಡುತ್ತಾರೆ. ಇದು ನಾಗರಿಕತೆಯ ಮುನ್ನಡೆಯೇ ಸರಿ. ಆದರೆ ಅಂದು ಚಿರತೆಗೆ ಹಿಂದಿರುಗಲು ಪೊದೆಯಿತ್ತು. ಇಂದು ಈಜುಕೊಳದ ಗೋಡೆಯಿದೆ.

ಬೇಟೆಗಾರರನ್ನು ನಾನು ಹೊಗಳುತ್ತಿದ್ದೇನೆಂದು ತಿಳಿಯಬೇಡಿ. ನಾಲ್ವರು ಗೆಳೆಯರ ನಲಿವಿಗಾಗಿ ಸಾವಿರಾರು ಮೈಲಿ ಹಾರಿ ಬಂದ ಹಕ್ಕಿ ಸಾಯಬೇಕಾದ್ದಿಲ್ಲ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದಾಗ ಹಕ್ಕಿಯನ್ನು ಹೊಡೆದೇ ಗುರುತಿಸುವುದು ರೂಢಿಯಾಗಿತ್ತು. ಇಂದು ದುರ್ಬೀನಿನಿಂದ ಅದೇ ಕೆಲಸ ಆಗುತ್ತದೆ. ನಾನು ಹೇಳುವುದು ಇಷ್ಟೆ. ಹಕ್ಕಿ ಹೊಡೆಯುತ್ತಿದ್ದವರಿಗೆ ಹಕ್ಕಿ ಬರುವ ತಿಂಗಳು, ಕೂರುವ ಕೆಸರು, ನೀರಿನ ದಾರಿ ಇವುಗಳ ಅರಿವು ಬೇಕಾಗಿತ್ತು. ಆ ಅರಿವನ್ನು ಅವರು ಹಳ್ಳಿಯ ನೀರುಗಂಟಿಯಿಂದ ಎರವಲು ಪಡೆಯುತ್ತಿದ್ದರು. ನಾವು ಕೋವಿಯನ್ನು ಬಿಟ್ಟೆವು, ಒಳ್ಳೆಯದೇ ಆಯಿತು. ಜೊತೆಗೆ ಆ ಅರಿವನ್ನೂ ಬಿಟ್ಟೆವು. ಕೊಲ್ಲದಿದ್ದರೆ ಸಾಕು, ಉಳಿಸಿದಂತೆಯೇ ಎಂದು ನಂಬಿ, ಅವು ಬದುಕುವ ನೆಲವನ್ನು ಗಜಗಳಲ್ಲಿ ಅಳೆದು ಮಾರಿದೆವು. ಕೋವಿಯ ಸದ್ದು ಕೇಳಿಸುತ್ತಿತ್ತು. ಮಣ್ಣು ತುಂಬಿದ ಲಾರಿ ಸುರಿಯುವ ಸದ್ದು ಯಾರಿಗೂ ಸಾವಿನ ಸದ್ದೆನಿಸಲಿಲ್ಲ.

ಎಲ್ಲವೂ ಮುಗಿದಿಲ್ಲ. 1987ರಿಂದ ಏಷ್ಯಾದಾದ್ಯಂತ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ನಮ್ಮ ಊರಿನ ಹಕ್ಕಿಪ್ರಿಯರೂ ಅದರಲ್ಲಿ ಪಾಲ್ಗೊಳ್ಳುತ್ತ ಬಂದಿದ್ದಾರೆ. ಹೊಸಕೋಟೆಯ ಕೆರೆಗೆ ಚಳಿಗಾಲದ ಬೆಳಗಿನಲ್ಲಿ ದುರ್ಬೀನು ತೂಗಿಕೊಂಡ ಗೆಳೆಯರ ಗುಂಪುಗಳು ಬರುತ್ತವೆ. ಅವರ ಸಡಗರ, ಬುತ್ತಿ, "ಅದನ್ನು ಮೊದಲು ಕಂಡವನು ನಾನು" ಎಂಬ ಜಗಳ ಎಲ್ಲವೂ ಹಳೆಯ ಬೇಟೆಗಾರರದ್ದೇ. ಬೆಂಗಳೂರಿನಲ್ಲಿರುವ ನನ್ನ ವಿದ್ಯಾರ್ಥಿಗಳು ಮುಂದಿನ ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ. ಕೂಳೆಗದ್ದೆ ಉಳಿದಿರುವ ಕಡೆ ನಿಧಾನವಾಗಿ ನಡೆದರೆ ಉದ್ದ ಕೊಕ್ಕಿನ ಹಕ್ಕಿಯೊಂದು ಕಾಲ ಬಳಿಯಿಂದ ಚಿಮ್ಮಿ ಏಳಬಹುದು. ಏರಿಯ ಮೇಲೆ ಹಳ್ಳಿಯ ಹಿರಿಯರು ಯಾರಾದರೂ ಕಂಡರೆ ತೂಬು ಎಲ್ಲಿದೆ, ಕೋಡಿ ಯಾವ ಕಡೆ ಹರಿಯುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಹೇಳಿದವರ ಹೆಸರನ್ನೂ ಕೇಳಿ ಬರೆಯಿರಿ.